ಅಜ್ಜಿಯ ಸರಿ, ಅವ್ವನ ಕೊಡಪಾನ

ಅಂಗಡಿಯಿಂದ ಹೊಸ ಪಾತ್ರೆ ಬಂದರೆ ನಾನು ಮೊದಲು ಮಾಡುವ ಕೆಲಸ ಅದರ ಮೈಮೇಲಿನ ಚೀಟಿ ಕೀಳುವುದು. ಕಾಫಿ ಆಮೇಲೆ, ಕೈಕಾಲು ತೊಳೆಯುವುದೂ ಆಮೇಲೆ. ಸೊಸೆ ನಗುತ್ತಾಳೆ, ಚೀಟಿ ಎಲ್ಲಿಗೂ ಓಡಿಹೋಗಲ್ಲ ಕುಂತ್ಕಳ್ರಿ ಅತ್ತೆ ಅನ್ನುತ್ತಾಳೆ. ನಗಲಿ ಪಾಪ. ಚೀಟಿ ಇರೋತನಕ ಪಾತ್ರೆ ಮನೆಯದಲ್ಲ ಅನ್ನುವ ಕಾನೂನಿನ ಕೆಳಗೆ ಅವಳು ಬೆಳೆದಿಲ್ಲ, ನಾನು ಬೆಳೆದೆ. ಆ ಕಾನೂನು ಮಾಡಿದವಳು ನಮ್ಮಪ್ಪನ ತಾಯಿ, ತಿಮ್ಮಕ್ಕಜ್ಜಿ. ಅದನ್ನು ಮುರಿದವಳು ನಮ್ಮವ್ವ. ನನ್ನ ಹಠ ಎಲ್ಲಿಂದ ಬಂತು ಅಂತ ಜನ ಕೇಳಿದಾಗಲೆಲ್ಲ ನಾನು ಇಬ್ಬರ ಹೆಸರನ್ನೂ ಹೇಳುತ್ತೇನೆ, ಒಬ್ಬರದು ಹೇಳಿದರೆ ಇನ್ನೊಬ್ಬರಿಗೆ ಅನ್ಯಾಯ.

ನಮ್ಮ ಮನೆ ಇದ್ದದ್ದು ಬಿ.ದುರ್ಗದಲ್ಲಿ. ಮನೆ ಅಂದರೆ ಅರ್ಧ ಮಗ್ಗ, ಉಳಿದರ್ಧ ನಾವು. ಹೊಸಿಲು ದಾಟಿದ ಕೂಡಲೇ ಎಡಕ್ಕೆ ಗುಂಡಿ ಮಗ್ಗ. ಅಪ್ಪ ಅದರ ಗುಂಡಿಯೊಳಗೆ ಕಾಲು ಇಳಿಬಿಟ್ಟು ಬೆಳಗಿಂದ ಸಂಜೆತನಕ ಕಂಬಳಿ ನೇಯುತ್ತಿದ್ದ. ಬಲಕ್ಕೆ ಕುರಿ ಉಣ್ಣೆಯ ಗುಡ್ಡೆ, ಅದರ ಜಿಡ್ಡು ವಾಸನೆ. ಅಲ್ಲಿಂದ ಒಳಗೆ ನಡುಮನೆ, ಅದರ ಮೂಲೆಯಲ್ಲಿ ಅಜ್ಜಿಯ ಹಸಿರು ಟ್ರಂಕು, ಕೊನೆಗೆ ಹೊಗೆ ಹಿಡಿದ ಅಡುಗೆಮನೆ. ಊಟದಲ್ಲಿ ಉಣ್ಣೆಯ ಎಳೆ ಸಿಗದ ದಿನವೇ ಇರಲಿಲ್ಲ. ಮುದ್ದೆ ಮುರಿಯುವಾಗ ಎಳೆ ಬಂದರೆ ಅಪ್ಪ ಅದನ್ನು ಬೆಳಕಿಗೆ ಹಿಡಿದು, ಇದು ನಮ್ಮ ಕುರೀದಲ್ಲ, ದಪ್ಪ ಐತೆ ಅಂತ ತೀರ್ಪು ಕೊಟ್ಟು ಪಕ್ಕಕ್ಕಿಟ್ಟು ಉಣ್ಣುತ್ತಿದ್ದ. ಆ ಮನೆಯಲ್ಲಿ ಜಗಳಗಳೂ ಮಗ್ಗದ ಸದ್ದಿನ ಮೇಲೆ ಕೇಳುವಂತೆ ನಡೆಯಬೇಕಿತ್ತು, ಹಾಗಾಗಿ ನಾವೆಲ್ಲ ಇವತ್ತಿಗೂ ಜೋರು ಬಾಯಿಯವರು.

ಅಜ್ಜಿಯ ಕೆಲಸ ಸರಿ ಕಾಯಿಸುವುದು. ಕಂಬಳಿಯ ನೂಲು ಮಗ್ಗದಲ್ಲಿ ಹರಿಯಬಾರದು ಅಂದರೆ ಅದಕ್ಕೆ ಹುಣಸೆ ಬೀಜದ ಅಂಟು ಬಳಿಯಬೇಕು. ಆ ಅಂಟಿಗೆ ನಾವು ಸರಿ ಅನ್ನುತ್ತಿದ್ದೆವು. ಊರಿನವರೆಲ್ಲ ಹುಣಸೆಹಣ್ಣು ಬಿಡಿಸಿ ಬೀಜ ನಮ್ಮ ಮನೆಗೆ ತಂದು ಸುರಿಯುತ್ತಿದ್ದರು. ಅಜ್ಜಿ ಅದನ್ನು ಹುರಿದು, ಕುಟ್ಟಿ ಸಿಪ್ಪೆ ತೆಗೆದು, ನೆನೆಹಾಕಿ, ಒರಳಲ್ಲಿ ರುಬ್ಬಿ, ದೊಡ್ಡ ಮಡಕೆಯಲ್ಲಿ ಕುದಿಸುತ್ತಿದ್ದಳು. ಕುದಿಯುವಾಗ ಕೈ ನಿಲ್ಲಿಸುವಂತಿಲ್ಲ, ಯಾರಾದರೂ ಮಾತಾಡಿಸಿದರೆ ತಿರುಗಿ ನೋಡುವಂತಿಲ್ಲ. ಆ ಸರಿ ಕಂಬಳಿಗೆ ಮಾತ್ರ ಅಲ್ಲ, ನಮ್ಮ ಬದುಕಿಗೆಲ್ಲ ಬಳಕೆಯಾಗುತ್ತಿತ್ತು. ನನ್ನ ಹರಿದ ಪುಸ್ತಕ, ಗೋಡೆಯ ಕ್ಯಾಲೆಂಡರು, ಮುರಿದ ಬಾಚಣಿಗೆ ಎಲ್ಲ ಅದರಿಂದಲೇ ಕೂಡಿಕೊಂಡು ನಿಂತಿದ್ದವು. ಅಜ್ಜಿಗೆ ಅದರ ಮೇಲೆ ದೇವರಿಗಿಂತ ನಂಬಿಕೆ.

"ನನ್ನ ಸರಿ ಹಿಡಿದದ್ದು ಬಿಟ್ಟಿದ್ದುಂಟೇನು?"

ಅವ್ವನ ಎಡಗೈಯನ್ನೂ ಆ ಸರಿಯೇ ಹಿಡಿದಿತ್ತು. ನಾನು ಮೂರನೇ ಕ್ಲಾಸಿಗೆ ಹೋಗುವ ಮುಂಚಿನ ಮಳೆಗಾಲದಲ್ಲಿ ಅವ್ವ ಸೇದೋಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ತುಂಬಿದ ಹಿತ್ತಾಳೆ ಕೊಡಪಾನ ಕೈಮೇಲೆ ಬಂತು, ಮಣಿಕಟ್ಟಿನ ಹತ್ತಿರ ಮೂಳೆ ಮುರಿಯಿತು. ಅಜ್ಜಿ ಬಿದಿರು ಸೀಳಿ, ಹಳೇ ಪಂಚೆ ಹರಿದು, ಅದಕ್ಕೆ ಸರಿ ಬಳಿದು ಕಟ್ಟು ಕಟ್ಟಿದಳು. ಅದು ಒಣಗಿ ಕಲ್ಲಾಯಿತು. ಕಟ್ಟು ಬಿಚ್ಚುವ ಹೊತ್ತಿಗೆ ಮೂಳೆ ಕೂಡಿತ್ತು, ಆದರೆ ಸೊಟ್ಟಗೆ ಕೂಡಿತ್ತು. ತನ್ನ ಸರಿ ಮೂಳೆ ಕೂಡಿಸಿತು ಅಂತ ಅಜ್ಜಿ ಬೀದಿಗೆಲ್ಲ ಹೇಳಿದಳು. ಸೊಟ್ಟಗಿದೆ ಅಂತ ಅವ್ವ ಯಾರಿಗೂ ಹೇಳಲಿಲ್ಲ. ಆದರೆ ಆಮೇಲೆ ಅವಳಿಗೆ ಹಿತ್ತಾಳೆ ಕೊಡಪಾನ ಆಗುತ್ತಿರಲಿಲ್ಲ. ಅದು ಖಾಲಿ ಇದ್ದರೇ ಒಂದು ಭಾರ. ಸೊಂಟದ ಮೇಲಿಟ್ಟು ಕೈ ಸುತ್ತಿದರೆ ಮಣಿಕಟ್ಟು ಬಿಟ್ಟುಕೊಡುತ್ತಿತ್ತು. ಅರ್ಧ ತುಂಬಿಕೊಂಡು ಬರೋಳು, ಹಾಗಾಗಿ ಎರಡರಷ್ಟು ಸಲ ಹೋಗೋಳು. ಬಾವಿಕಟ್ಟೆಯಲ್ಲಿ ಹೆಂಗಸರು ಅರ್ಧ ಕೊಡದ ಗೌರಮ್ಮ ಅಂತ ಹೆಸರಿಟ್ಟರು. ಅವ್ವ ಅದಕ್ಕೂ ಉತ್ತರ ಕೊಡದೆ ಮತ್ತೆ ಹಗ್ಗ ಇಳಿಬಿಡೋಳು. ಅವಳು ಬಾಯಿ ಮುಚ್ಚಿಕೊಂಡದ್ದು ಸೋತು ಅಲ್ಲ ಅಂತ ನನಗೆ ಆಗಲೇ ಗೊತ್ತಿತ್ತು, ಮನೆಗೆ ಬಂದು ಬಟ್ಟೆ ಒಗೆಯುವ ಸದ್ದಿನಲ್ಲಿ ಗೊತ್ತಾಗುತ್ತಿತ್ತು.

ಅವ್ವನ ತಮ್ಮ ಹಿರಿಯೂರಿನ ಹತ್ತಿರ ಬಬ್ಬೂರಿನ ಫಾರಂನಲ್ಲಿ ಕೂಲಿ ಕೆಲಸ ಮಾಡುತ್ತಿದ್ದ. ಅಕ್ಕನ ಕೈ ವಿಷಯ ಅವನಿಗೆ ಯಾರೋ ಮುಟ್ಟಿಸಿದರು. ಒಂದು ದಿನ ಬಸ್ಸಿಳಿದು ಬಂದವನ ಕೈಯಲ್ಲಿ ಸ್ಟೀಲಿನ ಕೊಡಪಾನ. ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮೂರಿಗೆ ಸ್ಟೀಲು ಇನ್ನೂ ಹೊಸ ನೆಂಟ. ಕೊಡಪಾನದ ಹೊಟ್ಟೆಯ ಮೇಲೆ ಕೆಂಪು ಅಂಚಿನ ದುಂಡನೆ ಬಂಗಾರದ ಬಣ್ಣದ ಚೀಟಿ. ಬೀದಿಯ ಮಕ್ಕಳೆಲ್ಲ ಹಿಂದೆಯೇ ಬಂದಿದ್ದರು.

"ಅಕ್ಕ, ಇದು ನಿನ್ನ ಕೈಗೆ ಅಂತ ತಂದೆ. ಎತ್ತಿ ನೋಡು, ಹಗೂರ ಐತೆ."

ಅವ್ವ ಎಡಗೈಲೇ ಎತ್ತಿದಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಹೆಚ್ಚು ಸಲ ನೋಡಿಲ್ಲ. ಮಾವ ಮಜ್ಜಿಗೆ ಕುಡಿದು ಸಂಜೆ ಬಸ್ಸಿಗೆ ಹೊರಟ. ಅವನು ಬೀದಿ ತಿರುವು ದಾಟಿದ್ದನೋ ಇಲ್ಲವೋ, ಅಜ್ಜಿ ಕೊಡಪಾನವನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಹಸಿರು ಟ್ರಂಕಿನೊಳಗಿಟ್ಟು ಬೀಗ ಹಾಕಿದಳು.

"ಇಂಥದ್ದು ನೀರು ಹೊರಾಕಲ್ಲ. ಮುಯ್ಯಿಗೆ ಬರ್ತೈತೆ."

ಮುಯ್ಯಿ ಅಂದರೆ ಮದುವೆ ಮನೆಯ ಉಡುಗೊರೆ. ಅವರು ನಮ್ಮ ಮನೆ ಮದುವೆಗೆ ಕೊಟ್ಟರೆ ನಾವು ಅವರ ಮನೆ ಮದುವೆಗೆ ತಿರುಗಿ ಕೊಡಬೇಕು. ಅದು ತಪ್ಪಿದರೆ ಅಜ್ಜಿಯ ಕಣ್ಣಲ್ಲಿ ಮನೆತನವೇ ತಪ್ಪಿದಂತೆ. ಮುಂಚೆ ನಮ್ಮ ಮನೆಯಿಂದ ಹೋಗುತ್ತಿದ್ದದ್ದು ಕಂಬಳಿ. ಸ್ಟೀಲು ಬಂದಮೇಲೆ ಎಲ್ಲರೂ ಸ್ಟೀಲು ಕೊಡತೊಡಗಿದರು, ಚೀಟಿ ಸಮೇತ. ಚೀಟಿ ಇದ್ದರೆ ಹೊಸದು ಅಂತ ಗುರುತು, ಹಾಗಾಗಿ ಯಾರೂ ಅದನ್ನು ಕೀಳುತ್ತಿರಲಿಲ್ಲ. ಅಡುಗೆಗೂ ಇಳಿಸುತ್ತಿರಲಿಲ್ಲ, ಮುಂದಿನ ಮದುವೆಗೆ ದಾಟಿಸುತ್ತಿದ್ದರು. ಒಂದು ಡಬರಿ ನಮ್ಮ ಮನೆಯಿಂದ ಹೋಗಿ ಹೊಳಲ್ಕೆರೆ ಸುತ್ತಿಕೊಂಡು ನಮ್ಮ ಮನೆಗೇ ವಾಪಸು ಬಂದಿತ್ತು, ಒಂದು ದಿನವೂ ಒಲೆ ಕಾಣದೆ. ಎಂಥ ಬಾಳು ನೋಡ್ರಿ ಅದರದು. ಹೊಸದುರ್ಗದಲ್ಲಿದ್ದ ಅಜ್ಜಿಯ ತಂಗಿ ಆ ವರ್ಷ ಮಗನ ಮದುವೆ ಇಟ್ಟುಕೊಂಡಿದ್ದಳು. ಕೊಡಪಾನ ಅಲ್ಲಿಗೆ ಅಂತ ಅಜ್ಜಿ ಮನಸ್ಸಿನಲ್ಲೇ ಬರೆದುಬಿಟ್ಟಿದ್ದಳು.

ಕೆಲವು ದಿನ ಬಿಟ್ಟು ಅಜ್ಜಿ ಸೀರೆ ಬಿಸಿಲಿಗೆ ಹಾಕಲು ಟ್ರಂಕು ತೆಗೆದಳು. ಅವ್ವ ಬಂದವಳೇ, ಅಜ್ಜಿ ನೋಡನೋಡುತ್ತಿದ್ದಂತೆಯೇ ಕೊಡಪಾನ ಎತ್ತಿಕೊಂಡು ಬಾವಿಗೆ ಹೋದಳು. ಕದ್ದು ಹೋಗಲಿಲ್ಲ, ನೆಟ್ಟಗೆ ಹೋದಳು. ತುಂಬಿದ ಕೊಡ ಸೊಂಟದ ಮೇಲೆ, ಸೊಟ್ಟ ಕೈ ಅದರ ಕುತ್ತಿಗೆಗೆ, ಒಂದೇ ಸಲಕ್ಕೆ ಮನೆಗೆ ತಂದಳು. ಚೀಟಿ ನೆನೆದು ಅರ್ಧ ಕಿತ್ತು ಜೋತಾಡುತ್ತಿತ್ತು. ಅಜ್ಜಿ ಅದನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ, ಗೋಡೆಯ ಮೇಲೆ ಅಂಟಿಸಿ ಒಣಗಿಸಿದಳು. ನೀರನ್ನು ಹಂಡೆಗೆ ಸುರಿದು, ಕೊಡ ಒರೆಸಿ ಮತ್ತೆ ಟ್ರಂಕಿನೊಳಗಿಟ್ಟು ಬೀಗ ಹಾಕಿದಳು. ಬೈಗುಳ ಒಂದೂ ಇಲ್ಲ. ಅಜ್ಜಿ ಬೈಯದೆ ಇದ್ದರೆ ನಾವು ಹೆದರಬೇಕು.

ಮದುವೆಯ ಹಿಂದಿನ ದಿನ ಬೆಳಗ್ಗೆ ಅಜ್ಜಿ ಟ್ರಂಕು ತೆಗೆದು ಕೂತವಳು ಏಳಲೇ ಇಲ್ಲ. ನಾನೂ ಅವ್ವನೂ ಹೋಗಿ ನೋಡಿದೆವು. ಅವ್ವ ಉಣ್ಣೆ ತೊಳೆಯಲು ಕೆರೆಗೆ ಹೋದ ಒಂದು ದಿನ ಅಜ್ಜಿ ಚೀಟಿಯನ್ನು ವಾಪಸು ಅಂಟಿಸಿದ್ದಳು, ತನ್ನ ಸರಿಯಿಂದಲೇ. ಕಂಬಳಿಗೆ ಬಳಿದ ಅಂದಾಜಿನಲ್ಲೇ ಬಳಿದಿದ್ದಳು. ಉಣ್ಣೆ ಎಷ್ಟು ಕೊಟ್ಟರೂ ಕುಡಿಯುತ್ತದೆ, ಸ್ಟೀಲು ಎಲ್ಲಿ ಕುಡಿಯಬೇಕು? ಸರಿ ಚೀಟಿಯ ಸುತ್ತ ಅಂಗೈ ಅಗಲಕ್ಕೆ ಹರಿದು ಕಂದುಬಣ್ಣಕ್ಕೆ ಗಟ್ಟಿಯಾಗಿತ್ತು, ಬೆಲ್ಲದ ಪಾಕ ಚೆಲ್ಲಿ ಒಣಗಿದಂಗೆ. ಚೀಟಿ ಸೊಟ್ಟಗೆ ಕೂತಿತ್ತು. ಮೇಲೆ ಸುತ್ತಿದ ಬಟ್ಟೆಯೂ ಅದಕ್ಕೆ ಕಚ್ಚಿಕೊಂಡಿತ್ತು. ಅದನ್ನು ಮದುವೆ ಮನೆಗೆ ಒಯ್ದರೆ ಹೊಸದುರ್ಗದವರು ವರ್ಷಗಟ್ಟಲೆ ನಗುತ್ತಿದ್ದರು.

ಅಜ್ಜಿ ಉಗುರಿನಲ್ಲಿ ಕೆರೆದಳು, ಉಗುರು ಮುರಿಯಿತು. ಬೂದಿ, ತೆಂಗಿನ ನಾರು ತಂದಳು. ಕೊನೆಗೆ ಕುಡುಗೋಲು ಹಿಡಿದು ಬಂದಳು. ಆಗ ಅವ್ವ ಅವಳ ಕೈ ಹಿಡಿದಳು.

"ಗೆರೆ ಬಿದ್ರೆ ಹೋತು ಅತ್ತೆ. ಆಮೇಲೆ ಇದು ನಿಮಗೂ ಬರಲ್ಲ, ನನಗೂ ಬರಲ್ಲ. ಇತ್ತ ಕೊಡ್ರಿ."

ಅಲ್ಲಿಂದ ಇಬ್ಬರೂ ಆ ಕೊಡಪಾನಕ್ಕೆ ಬಿದ್ದರು. ಒಬ್ಬಳಿಗೆ ಅದು ನಾಳೆ ಹೊಸದುರ್ಗಕ್ಕೆ ಹೋಗಬೇಕು, ಇನ್ನೊಬ್ಬಳಿಗೆ ನಾಳೆ ಬಾವಿಗೆ ಹೋಗಬೇಕು. ಇಬ್ಬರಿಗೂ ಅದು ಗೊತ್ತು, ಇಬ್ಬರೂ ಬಾಯಿ ಬಿಡುತ್ತಿಲ್ಲ. ಮೊದಲು ಅಂಟು ಹೋಗಲಿ, ಜಗಳ ಆಮೇಲೆ ನೋಡಾಣ ಅಂತ ಒಪ್ಪಂದ ಆದಂತೆ ಉಜ್ಜಿದರು. ಅವ್ವ ದೀಪದ ಸೀಮೆಎಣ್ಣೆ ಹಾಕಿದಳು. ಮನೆಯೆಲ್ಲ ನಾತ, ಅಂಟು ಮಾತ್ರ ಉಡದ ಪಟ್ಟು ಹಿಡಿದು ಕೂತಿತ್ತು. ಗುಂಡಿಯೊಳಗಿಂದ ಅಪ್ಪ ಸಲಹೆ ಕೊಟ್ಟ.

"ಹಂಗೇ ಕೊಟ್ಟುಬಿಡ್ರಿ ಅತ್ಲಾಗೆ. ಚೀಟಿ ಭಾಳ ಭದ್ರವಾಗಿ ಐತೆ ಅಂತ ಸಂತೋಷಪಡ್ತಾರೆ."

ಇಬ್ಬರೂ ಒಟ್ಟಿಗೆ ತಿರುಗಿ ನೋಡಿದರು. ಮಗ್ಗದ ಲಾಳಿ ಇದ್ದಕ್ಕಿದ್ದಂತೆ ಜೋರಾಗಿ ಓಡತೊಡಗಿತು. ಅಪ್ಪ ಆಮೇಲೆ ಸಂಜೆತನಕ ಆ ಗುಂಡಿಯಿಂದ ತಲೆ ಎತ್ತಲಿಲ್ಲ.

ಮಧ್ಯಾಹ್ನ ಉಂಡೆವು, ಯಾರಿಗೂ ರುಚಿ ಹತ್ತಲಿಲ್ಲ. ಅವ್ವ ಕೈ ತೊಳೆಯುತ್ತಾ ತನ್ನ ಮಣಿಕಟ್ಟನ್ನೇ ನೋಡುತ್ತಾ ನಿಂತಳು. ಆಮೇಲೆ ಬಂದು ಅಜ್ಜಿಯ ಎದುರು ಕೂತಳು.

"ಅತ್ತೆ, ನನ್ನ ಕೈಕಟ್ಟು ಬಿಚ್ಚಿದ್ರಲ್ಲ ನೀವು, ಹೆಂಗೆ ಬಿಚ್ಚಿದ್ರಿ?"

"ಬಿಸಿನೀರಾಗೆ ಬಟ್ಟೆ ಅದ್ದಿ ಸುತ್ತಿದ್ದೆ. ನೆನೆಯಗಂಟ ಕಾದೆ."

"ಎಳೀಲಿಲ್ಲ, ಕೆರೀಲಿಲ್ಲ?"

"ಕೆರದ್ರೆ ಚರ್ಮ ಬರ್ತಿತ್ತಲ್ಲೇ."

"ಇದನ್ನೂ ಹಂಗೇ ಬಿಚ್ಚಾಣ."

ಒಲೆಯ ಮೇಲೆ ನೀರು ಕಾಯಿತು. ಹಳೇ ಪಂಚೆಯ ತುಂಡು ಅದ್ದಿ, ಹಿಂಡಿ, ಕೊಡಪಾನದ ಹೊಟ್ಟೆಗೆ ಸುತ್ತಿದರು. ಅವ್ವ ಸುತ್ತುವಾಗ ಅಜ್ಜಿ ನೀರು ಹೊಯ್ದಳು, ಆರಿದರೆ ಮತ್ತೆ ಬಿಸಿ ಹೊಯ್ದಳು. ನನ್ನ ಕೆಲಸ ಒಲೆ ಆರದಂತೆ ನೋಡಿಕೊಳ್ಳುವುದು. ಬಹಳ ಹೊತ್ತಿನ ಮೇಲೆ ಬಿಚ್ಚಿ ನೋಡಿದರೆ ಚೀಟಿಯ ಕಾಗದ ಬಂದಿತ್ತು, ಕಚ್ಚಿದ ಬಟ್ಟೆ ಬಿಟ್ಟಿತ್ತು. ಅಂಟಿನ ಮೇಲ್ಪದರ ಮೆತ್ತಗಾಗಿತ್ತು. ಕೆಳಗಿನದು ಮಾತ್ರ ಜಗ್ಗಲಿಲ್ಲ. ಅವ್ವ ಅದನ್ನು ಹೆಬ್ಬೆರಳಲ್ಲಿ ಮುಟ್ಟಿ, ಮೂಸಿ ನೋಡಿ, ಅಜ್ಜಿಯ ಮುಖ ನೋಡಿದಳು.

"ಇದು ಬರೇ ಸರಿ ಅಲ್ಲ. ಏನು ಸೇರಿಸಿದ್ರಿ ಅತ್ತೆ?"

ಅಜ್ಜಿ ಸೀರೆ ಸೆರಗು ಸರಿಮಾಡಿಕೊಂಡಳು.

"ಒಂದೀಟು ಬೆಲ್ಲ. ಒಂದೀಟು ಸುಣ್ಣ. ದುರ್ಗದ ಕೋಟೆಗೆ ಅದನ್ನೇ ಹಾಕಿದ್ರಂತೆ, ಇವತ್ತಿಗೂ ನಿಂತೈತಲ್ಲ."

ಅವ್ವನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಕೊಡಪಾನಕ್ಕೆ ಕೋಟೆ ಕಟ್ಟಿದ್ದಾರೆ ನಮ್ಮತ್ತೆ ಅಂತ ನಕ್ಕಳು. ಅಜ್ಜಿ ನಗಲಿಲ್ಲ, ಆದರೆ ತುಟಿ ಒಂಚೂರು ಅತ್ತಿತ್ತ ಆಯಿತು. ಸುಣ್ಣಕ್ಕೆ ಹುಳಿ ಮದ್ದು ಅಂತ ಹೊಳೆದದ್ದು ಇಬ್ಬರಲ್ಲಿ ಯಾರಿಗೆ ಅಂತ ನನಗೆ ನೆನಪಿಲ್ಲ, ಇಬ್ಬರೂ ಒಟ್ಟಿಗೇ ಹುಣಸೆಹಣ್ಣಿನ ಗಡಿಗೆಗೆ ಕೈಹಾಕಿದರು. ಹುಳಿಯನ್ನು ಗಟ್ಟಿಯಾಗಿ ಕಿವುಚಿ, ಅಂಟಿನ ಮೇಲೆ ಮೆತ್ತಿ, ಮೇಲೆ ಮತ್ತೆ ಬಿಸಿ ಬಟ್ಟೆ ಸುತ್ತಿದರು. ಅದು ಸುತ್ತಿಕೊಂಡು ಕೂತಿರುವಾಗ ಇಬ್ಬರೂ ಎದುರುಬದುರು ಕೂತು ಉಣ್ಣೆ ಹಿಂಜಿದರು. ಅವ್ವನ ಎಡಗೈ ಹಿಂಜುವಾಗ ಒಂದು ಕಡೆ ವಾಲುತ್ತಿತ್ತು. ಅಜ್ಜಿ ಅದನ್ನು ನೋಡಿದಳು, ನೋಡಿ ಕಣ್ಣು ತೆಗೆದಳು, ಮತ್ತೆ ನೋಡಿದಳು. ಬಿಸಿಲು ಹೊಸಿಲಿಂದ ಇಳಿಯುವ ಹೊತ್ತಿಗೆ ಅವ್ವ ಬಟ್ಟೆ ಬಿಚ್ಚಿ, ಬೆರಳ ತುದಿಯಿಂದ ಅಂಟಿನ ಅಂಚು ಎತ್ತಿದಳು. ಅದು ಹಾಲಿನ ಕೆನೆ ಥರ ಪದರವಾಗಿ ಎದ್ದು ಬಂತು. ಹುಣಸೆ ಬೀಜ ಕಟ್ಟಿದ್ದನ್ನು ಹುಣಸೆ ಹಣ್ಣು ಬಿಡಿಸಿತ್ತು.

ಮುಗಿಯಿತು ಅಂದುಕೊಂಡರೆ ಅದರಡಿಯಲ್ಲಿ ಇನ್ನೊಂದು. ಕಂಪನಿಯವರು ಚೀಟಿಗೆ ಮೊದಲೇ ಬಳಿದಿದ್ದ ಅಂಟು, ಬೂದುಬಣ್ಣದ ದುಂಡನೆ ಕಲೆ. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ, ನೀರಿಗೆ ಹೆದರಲ್ಲ, ಹುಳಿಗೆ ಹೆದರಲ್ಲ. ಅಜ್ಜಿ ಕೈಚೆಲ್ಲಿ ಗೋಡೆಗೆ ಒರಗಿದಳು. ಅವ್ವ ಒರಗಲಿಲ್ಲ. ಕಡಲೆಕಾಯಿ ಎಣ್ಣೆ ಸವರಿ ಬಿಟ್ಟಳು. ಮಗ್ಗದ ಪಕ್ಕದ ಗುಡ್ಡೆಯಿಂದ ತೊಳೆಯದ ಜಿಡ್ಡು ಉಣ್ಣೆ ಒಂದು ಹಿಡಿ ತಂದು, ಜರಡಿ ಹಿಡಿದ ನಯವಾದ ಬೂದಿಯಲ್ಲಿ ಅದ್ದಿ, ದುಂಡಗೆ ದುಂಡಗೆ ತಿಕ್ಕಿದಳು. ಉಣ್ಣೆ ಮೆತ್ತಗಿರುತ್ತದೆ, ಗೆರೆ ಬೀಳಿಸಲ್ಲ. ಬಲಗೈ ಸೋತಾಗ ಎಡಗೈ, ಎಡಗೈ ನೊಂದಾಗ ಬಲಗೈ. ನಾನು ತಿಕ್ಕುತ್ತೇನೆ ಅಂದರೆ ಕೊಟ್ಟಳು, ಆದರೆ ಕಣ್ಣು ತೆಗೆಯಲಿಲ್ಲ.

"ಅವಸರ ಮಾಡಬ್ಯಾಡ ಪಾರಿ. ಅದು ಬಿಡಗಂಟ ನಾವೂ ಬಿಡಾದು ಬ್ಯಾಡ."

ಕಲೆ ಮೊದಲು ಅಂಚಿನಲ್ಲಿ ಉಂಡೆಯಾಗಿ ಸುರುಳಿ ಕಟ್ಟಿತು, ಆಮೇಲೆ ನಡುವೆ ತೆಳ್ಳಗಾಯಿತು, ಆಮೇಲೆ ಇಲ್ಲ. ಸೀಗೆಪುಡಿ ಹಾಕಿ ತೊಳೆದು, ಒರೆಸಿ, ನಡುಮನೆಯಲ್ಲಿ ಇಟ್ಟರು. ಒಂದು ಗೆರೆ ಇಲ್ಲ. ಅದರ ಹೊಟ್ಟೆಯಲ್ಲಿ ನಮ್ಮ ಮೂವರ ಮುಖವೂ ಅಗಲವಾಗಿ ಕಾಣುತ್ತಿತ್ತು. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಹೊಸದ್ರಂಗೇ ಐತೆ. ಚೀಟಿ ಇಲ್ದಿದ್ರೂ ನಡೀತೈತೆ. ಒಂದು ಒಳ್ಳೆ ಬಟ್ಟೆ ತಗಾ, ಸುತ್ತಾಣ."

ಇಡೀ ದಿನ ತಿಕ್ಕಿದ್ದು ಯಾರಿಗೋ ಕೊಡುವುದಕ್ಕೇ? ಅವ್ವ ಬಟ್ಟೆ ತರಲಿಲ್ಲ. ಎದ್ದು ನಿಂತು, ಕಡ್ಡಿ ಮುರಿದಂಗೆ ಹೇಳಿದಳು.

"ಕೊಡಲ್ಲ ಅತ್ತೆ. ಇದು ನನ್ನ ತಮ್ಮ ನನ್ನ ಕೈಗೆ ಕೊಟ್ಟಿದ್ದು. ಈ ಕೈಲಿ ಹಿತ್ತಾಳೆ ಕೊಡ ಆಗಲ್ಲ. ಯಾಕೆ ಆಗಲ್ಲ ಅಂತ ನಿಮಗೂ ಗೊತ್ತೈತೆ, ನಾನು ಯಾವತ್ತೂ ಆಡಿಲ್ಲ. ನಿಮಗೆ ಮುಯ್ಯಿಗೆ ಬೇಕಂದ್ರೆ ಕಂಬಳಿ ಒಯ್ಯಿರಿ."

ಅಜ್ಜಿ ಕಂಬಳಿ ಅನ್ನುವ ಮಾತಿಗೆ ತಲೆ ತಗ್ಗಿಸಿದಳು.

"ಹೋದ ಸಲ ಒಯ್ದಿದ್ದೆ. ನನ್ನ ತಂಗೀನೇ ಅಂದ್ಲು, ಈಗ ಕಂಬಳಿ ಯಾರಕ್ಕ ಹೊದೀತಾರೆ, ರಗ್ಗು ಬಂದಾವೆ ಅಂತ. ಎಲ್ಲಾರ ಮುಂದೆ ಅಂದ್ಲು ಗೌರಿ."

ಅಜ್ಜಿ ಅವ್ವನನ್ನು ಗೌರಿ ಅಂತ ಕರೆದದ್ದು ನಾನು ಕೇಳಿದ್ದು ಅವತ್ತೇ ಮೊದಲು. ಅವ್ವನ ದನಿ ಇಳಿಯಿತು, ಮಾತು ಬದಲಾಗಲಿಲ್ಲ.

"ಅನ್ಲಿ ಬಿಡ್ರಿ. ನಿಮ್ಮ ಸರಿ ಬಿಡಿಸಾಕೆ ನಮಗೆ ಇಡೀ ದಿನ ಹಿಡೀತು. ಅಂಥ ಸರಿ ಕುಡಿದ ಕಂಬಳಿ ಅವರ ಮೊಮ್ಮಕ್ಕಳ ಕಾಲಕ್ಕೂ ಇರ್ತೈತೆ. ಅವರ ರಗ್ಗು ಇರ್ತೈತಾ ಕೇಳ್ರಿ ಹೋಗಿ."

ಅವ್ವ ನನ್ನ ಕಡೆ ತಿರುಗಿದಳು.

"ಪಾರಿ, ದಬ್ಬಳ ತಾ. ನನ್ನ ಹೆಸರು ಬರಿ ಇದರ ಮೇಲೆ."

ದಬ್ಬಳ ಅಂದರೆ ಕಂಬಳಿಯ ಎರಡು ಸೀಳು ಕೂಡಿಸಿ ಹೊಲಿಯುವ ದಪ್ಪ ಸೂಜಿ. ಹೆಸರು ಬಿದ್ದ ಪಾತ್ರೆಯನ್ನು ಯಾರಿಗೂ ಮುಯ್ಯಿಗೆ ಕೊಡುವಂತಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಬರುವವಳು ನಾನು. ಬೆಳಗಿಂದ ಒಂದು ಗೆರೆ ಬೀಳಬಾರದು ಅಂತ ಕಾಯ್ದವಳು ಈಗ ತಾನೇ ಗೆರೆ ಎಳೆ ಅನ್ನುತ್ತಿದ್ದಳು. ನಾನು ದಬ್ಬಳ ತಂದು ಕೊಡಪಾನದ ಕುತ್ತಿಗೆಯ ಕೆಳಗೆ ಊರಿದೆ. ಕೊಡಪಾನ ದುಂಡಗಿತ್ತು, ನೆಲದ ಮೇಲೆ ಉರುಳಿತು, ದಬ್ಬಳ ಜಾರಿತು.

ಅಜ್ಜಿ ಬಂದಳು. ನನ್ನ ಕೈಯಿಂದ ಕಿತ್ತುಕೊಳ್ಳುತ್ತಾಳೆ ಅಂತ ನಾನು ದಬ್ಬಳವನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳು ನನ್ನ ಎದುರು ನೆಲಕ್ಕೆ ಕೂತು, ಕೊಡಪಾನವನ್ನು ಎರಡು ಮಂಡಿಯ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಅದರ ಕುತ್ತಿಗೆ ಅದುಮಿ ಹಿಡಿದಳು. ಅಲ್ಲಿಂದಲೇ ಮಗ್ಗದ ಕಡೆ ಕೂಗಿದಳು.

"ಲೇ, ಆ ಕರೇ ಕಂಬಳಿ ಇವತ್ತು ಮಗ್ಗದಿಂದ ಇಳೀತೈತೇನೋ? ಬೆಳಗ್ಗೆ ಹೊಸದುರ್ಗಕ್ಕೆ ಒಯ್ಯಬೇಕು."

"ಇಳೀತೈತೆ ಕಣವ್ವ," ಅಂತ ಗುಂಡಿಯೊಳಗಿಂದ ಅಪ್ಪನ ದನಿ ಬಂತು.

ನಾನು ಮತ್ತೆ ದಬ್ಬಳ ಊರಿದೆ. ಈ ಸಲ ಕೊಡಪಾನ ಅಲ್ಲಾಡಲಿಲ್ಲ. ಮೊದಲ ಅಕ್ಷರ ತೆಳ್ಳಗೆ, ಕಂಡೂ ಕಾಣದಂತೆ ಮೂಡಿತು. ಅಜ್ಜಿ ಬಗ್ಗಿ ಅದನ್ನು ಹೆಬ್ಬೆರಳಲ್ಲಿ ಸವರಿ ನೋಡಿದಳು.

"ಒತ್ತಿ ಬರಿಯೇ. ಮೇಲ್ಮೇಲೆ ಬರದ್ರೆ ಉಜ್ಜಿದ್ರೆ ಹೋಗ್ತೈತೆ."

ಒತ್ತಿ ಬರೆದೆ.